ನೋವು ಹೊಟ್ಟೆಯಲ್ಲೋ, ತಲೆಯಲ್ಲೋ? ಒಂದು ತಪ್ಪು ಪ್ರಶ್ನೆಯ ಇತಿಹಾಸ

ಇವತ್ತಿನ ಎಪಿಸೋಡ್ ಒಂದು ಡಿಸ್ಚಾರ್ಜ್ ಚೀಟಿಯಿಂದ ಶುರುವಾಗುತ್ತೆ.

ನಮ್ಮ ಸೋದರಮಾವ ತಿಪಟೂರಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ಪಿವಿಸಿ ಪೈಪು, ನಲ್ಲಿ, ಬೋರ್‌ವೆಲ್ ಮೋಟರ್ ಸಾಮಾನು. ನಾನು ಬಿ.ಕಾಂ ಮುಗಿಸಿದಾಗಿನಿಂದ ಅವರ ಜಿಎಸ್‌ಟಿ ರಿಟರ್ನ್ ಫೈಲ್ ಮಾಡೋದು ನಾನೇ. ಅವರಿಗೆ ಕ್ರಾನಿಕ್ ಪ್ಯಾಂಕ್ರಿಯಾಟೈಟಿಸ್ ಇದೆ. ಕನ್ನಡದಲ್ಲಿ ಹೇಳೋದಾದ್ರೆ ಮೇದೋಜೀರಕ ಗ್ರಂಥಿಯ ದೀರ್ಘಕಾಲದ ಉರಿಯೂತ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೊಟ್ಟ ಚೀಟಿಯಲ್ಲಿ ಎಂಜೈಮ್ ಮಾತ್ರೆ, ನೋವಿನ ಮಾತ್ರೆ, ಎಣ್ಣೆ ಪದಾರ್ಥ ಕಡಿಮೆ ಮಾಡಿ ಅನ್ನೋದು ಎಲ್ಲ ಇತ್ತು. ಕೊನೆಯ ಸಾಲಲ್ಲಿ ಮಾತ್ರ ಸೈಕಾಲಜಿಸ್ಟ್‌ನ ಭೇಟಿ ಮಾಡಿ, ಸಿಬಿಟಿ ತಗೊಳ್ಳಿ ಅಂತ ಬರೆದಿದ್ರು. ಯಾಕೆ ಅಂತ ಯಾರೂ ಹೇಳಲಿಲ್ಲ.

ಮಾವ ಕಾರಲ್ಲಿ ನೆಲಮಂಗಲ ದಾಟೋವರೆಗೂ ಮಾತಾಡಲಿಲ್ಲ. ಆಮೇಲೆ ಒಂದೇ ಮಾತು: "ನಂಗೆ ಹೊಟ್ಟೆ ನೋವು ಕಣೋ. ಇವ್ರು ಹುಚ್ಚು ಅಂತ ಬರ್ದಿದ್ದಾರೆ."

ಅವತ್ತು ನಾನು ಏನು ಹೇಳಿದೆ ಅನ್ನೋದನ್ನ ಮುಂದೆ ಹೇಳ್ತೀನಿ. ಅದು ಹೇಳಿಕೊಳ್ಳೋ ಅಂಥ ಮಾತಲ್ಲ. ಆದ್ರೆ ಆ ಸಾಲು ನನ್ನ ತಲೆಯಲ್ಲಿ ಉಳೀತು. ಹೊಟ್ಟೆಯೊಳಗಿನ ಒಂದು ಗ್ರಂಥಿಯ ಕಾಯಿಲೆಗೆ ಮನಸ್ಸಿನ ಡಾಕ್ಟರ್ ಯಾಕೆ? ಈ ಸಾಲು ಆ ಚೀಟಿಗೆ ಎಲ್ಲಿಂದ ಬಂತು? ಹುಡುಕ್ತಾ ಹೋದ್ರೆ ಅದರ ಹಿಂದೆ ಯುದ್ಧ ಇದೆ, ಒಬ್ಬ ಪೈಲ್ವಾನ ಇದ್ದಾನೆ, ಇನ್ಶೂರೆನ್ಸ್ ಕಂಪನಿಗಳಿವೆ.

ಮೊದಲು ಕಾಯಿಲೆ ಬಗ್ಗೆ ಸ್ವಲ್ಪ. ಮೇದೋಜೀರಕ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಗೆ ಹತ್ತಿರ ಅಡ್ಡ ಮಲಗಿರುತ್ತೆ. ಊಟ ಅರಗಿಸೋ ರಸನೂ ಅದೇ ಮಾಡುತ್ತೆ, ಇನ್ಸುಲಿನ್ನೂ ಅದೇ ಮಾಡುತ್ತೆ. ಈ ಕಾಯಿಲೆಯಲ್ಲಿ ಗ್ರಂಥಿ ಮತ್ತೆ ಮತ್ತೆ ಊದಿಕೊಂಡು, ನಿಧಾನಕ್ಕೆ ಗಟ್ಟಿಯಾಗಿ, ಕೆಲವರಿಗೆ ಒಳಗಿನ ನಾಳದಲ್ಲಿ ಕಲ್ಲು ಕೂರುತ್ತೆ. ನೋವು ಪಕ್ಕೆಲುಬಿನ ಕೆಳಗೆ ಶುರುವಾಗಿ ಬೆನ್ನಿಗೆ ಇರಿದ ಹಾಗೆ ಹೋಗುತ್ತೆ. ಊಟ ಮಾಡಿದ್ರೆ ಜಾಸ್ತಿ. ಮುಂದಕ್ಕೆ ಬಾಗಿ ಕೂತ್ರೆ ಒಂಚೂರು ಕಡಿಮೆ. ನಮ್ಮ ಮಾವ ಗಲ್ಲಾಪೆಟ್ಟಿಗೆ ಮೇಲೆ ಬಾಗಿ ಕೂತಿದ್ರೆ ಲೆಕ್ಕ ಮಾಡ್ತಿಲ್ಲ ಅಂತ ನಮಗೆಲ್ಲ ಗೊತ್ತು.

ಕುಡಿತ ಮತ್ತು ಸಿಗರೇಟು ಈ ಕಾಯಿಲೆಗೆ ದೊಡ್ಡ ಕಾರಣಗಳು, ನಿಜ. ಆದ್ರೆ ಅವೆರಡೇ ಅಲ್ಲ. ಪಕ್ಕದ ಕೇರಳದಲ್ಲಿ ಡಾ. ಪಿ. ಜೆ. ಗೀವರ್ಗೀಸ್ ಅನ್ನೋರು 1960ರ ದಶಕದಲ್ಲೇ, ಜೀವನದಲ್ಲಿ ಹೆಂಡ ಮುಟ್ಟದ ಮಕ್ಕಳಲ್ಲಿ, ಹದಿಹರೆಯದವರಲ್ಲಿ ಈ ಕಾಯಿಲೆಯನ್ನ ಗುರುತಿಸಿ ದಾಖಲಿಸ್ತಾ ಹೋದ್ರು. ಮೊದಲು ಮರಗೆಣಸಿನ ಮೇಲೆ ಅನುಮಾನ ಬಂತು. ಅದು ಸಾಬೀತಾಗಲಿಲ್ಲ. 2000ದ ನಂತರ ಸ್ಪಿಂಕ್-1 ಅನ್ನೋ ಜೀನ್‌ನಲ್ಲಿನ ಬದಲಾವಣೆಗೂ ಇದಕ್ಕೂ ಸಂಬಂಧ ಇದೆ ಅಂತ ಗೊತ್ತಾಯ್ತು. ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಮ್ಮ ಮಾವ ಕುಡಿಯೋರಲ್ಲ. ಆದ್ರೂ ಪ್ರತಿ ಸಲ ಅಡ್ಮಿಟ್ ಆದಾಗ ಮೊದಲ ಪ್ರಶ್ನೆ "ದಿನಾ ಎಷ್ಟು ಕುಡೀತೀರಾ?" ಇಲ್ಲ ಅಂದ್ರೆ ಎದುರಿಗಿರೋರ ಮುಖದಲ್ಲಿ ಒಂದು ನಗು. ಅಂದ್ರೆ ಸೈಕಾಲಜಿಸ್ಟ್ ಅನ್ನೋ ಸಾಲು ಬರೋ ಹೊತ್ತಿಗೆ ಅವರಿಗೆ ತಮ್ಮ ಮಾತನ್ನ ಯಾರೂ ನಂಬ್ತಿಲ್ಲ ಅನ್ನೋದು ಖಾತ್ರಿಯಾಗಿ ಹೋಗಿತ್ತು.

ಈಗ ಇತಿಹಾಸಕ್ಕೆ ಬರೋಣ. ಫ್ರಾನ್ಸಿನ ತತ್ವಜ್ಞಾನಿ ಡೆಕಾರ್ಟ್ ಮನುಷ್ಯನ ದೇಹದ ಬಗ್ಗೆ ಬರೆದ ಒಂದು ಪುಸ್ತಕ ಅವನು ಸತ್ತ ಮೇಲೆ, 1660ರ ದಶಕದಲ್ಲಿ ಅಚ್ಚಾಯ್ತು. ಅದರಲ್ಲೊಂದು ಚಿತ್ರ ಇದೆ. ಒಬ್ಬ ಹುಡುಗನ ಕಾಲಿನ ಹತ್ತಿರ ಬೆಂಕಿ. ಕಾಲಿಂದ ತಲೆವರೆಗೂ ಒಂದು ದಾರ. ಇಲ್ಲಿ ದಾರ ಎಳೆದ್ರೆ ಅಲ್ಲಿ ಗಂಟೆ ಹೊಡೆಯುತ್ತೆ, ದೇವಸ್ಥಾನದ ಗಂಟೆ ಇದ್ದ ಹಾಗೆ. ಎಷ್ಟು ಗಾಯವೋ ಅಷ್ಟು ನೋವು. ಗಾಯ ಇಲ್ಲ ಅಂದ್ರೆ ನೋವೂ ಇಲ್ಲ. ನೋವು ಇದೆ ಅಂತೀಯಾ? ಹಾಗಾದ್ರೆ ಗಾಯ ತೋರಿಸು.

ನಾನು ಕಾಮರ್ಸ್ ಓದಿದವನು, ನನಗೆ ಇದು ತಕ್ಷಣ ಅರ್ಥ ಆಯ್ತು. ವೋಚರ್ ಇಲ್ಲದ ಎಂಟ್ರಿ ಸುಳ್ಳು ಎಂಟ್ರಿ. ಮುನ್ನೂರು ವರ್ಷ ವೈದ್ಯಕೀಯ ಲೋಕ ಬಹುಮಟ್ಟಿಗೆ ಹೀಗೇ ಲೆಕ್ಕ ಬರೀತು. ಅವತ್ತು ನೆಲಮಂಗಲದ ಹತ್ತಿರ ನಾನು ಮಾವನಿಗೆ ಹೇಳಿದ್ದೂ ಇದನ್ನೇ: "ಸ್ಕ್ಯಾನಲ್ಲಿ ಹೊಸದಾಗಿ ಏನೂ ಇಲ್ಲ ಅಂದ್ರಲ್ಲ ಮಾವ, ಮತ್ತೆ ನೋವು ಎಲ್ಲಿಂದ ಬರುತ್ತೆ?" ಅವರು ಕಿಟಕಿ ಕಡೆ ತಿರುಗಿದ್ರು. ತಿಪಟೂರು ಬರೋವರೆಗೂ ಮತ್ತೆ ಮಾತಿಲ್ಲ.

ಪ್ಯಾಂಕ್ರಿಯಾಸ್ ವಿಷಯದಲ್ಲಿ ಈ ಲೆಕ್ಕ ಪ್ಲಂಬಿಂಗ್ ರೂಪ ತಗೊಂಡಿತ್ತು. ನಾಳ ಕಟ್ಟಿಕೊಂಡಿದೆ, ಒತ್ತಡ ಜಾಸ್ತಿಯಾಗಿದೆ, ಅದಕ್ಕೆ ನೋವು. ನಾಳ ಬಿಡಿಸಿ. 1958ರಲ್ಲಿ ಅಮೆರಿಕದ ಸರ್ಜನ್ ಪ್ಯೂಸ್ಟೋ ಮತ್ತು ಅವರ ಜೊತೆಗಾರ ಗಿಲ್ಲೆಸ್‌ಬಿ, ಆ ನಾಳವನ್ನ ಉದ್ದಕ್ಕೆ ಸೀಳಿ ಸಣ್ಣ ಕರುಳಿಗೆ ಜೋಡಿಸೋ ಆಪರೇಷನ್ ಬಗ್ಗೆ ಬರೆದ್ರು. ಅದರ ಸುಧಾರಿತ ರೂಪಗಳು ಇವತ್ತಿಗೂ ನಡೀತಿವೆ, ಎಷ್ಟೋ ಜನರಿಗೆ ನಿಜವಾಗಿಯೂ ಅನುಕೂಲ ಆಗಿದೆ. 2020ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ 88 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಮೊದಲು ಎಂಡೋಸ್ಕೋಪಿ ಮಾಡಿಸಿಕೊಂಡವರಿಗಿಂತ ಬೇಗ ಸರ್ಜರಿ ಮಾಡಿಸಿಕೊಂಡವರಿಗೆ ನೋವು ಕಡಿಮೆ ಇತ್ತು. ಹಾಗಾಗಿ ಪೈಪ್ ಕಥೆ ಪೂರ್ತಿ ಸುಳ್ಳು ಅಂತ ನಾನು ಹೇಳ್ತಿಲ್ಲ. ಮಾವನಿಗಂತೂ ಅದು ತುಂಬಾ ಇಷ್ಟ. ಪೈಪ್ ಮಾರೋರಿಗೆ ಪೈಪ್ ಕಟ್ಟಿದೆ ಅಂದ್ರೆ ಬೇರೆ ವಿವರಣೆ ಬೇಕಾ? ಅವರಿಗೆ ಎಂಡೋಸ್ಕೋಪಿಯಲ್ಲಿ ಕಲ್ಲು ತೆಗೆದು ಸ್ಟೆಂಟ್ ಹಾಕಿದ್ರು. ಆರು ತಿಂಗಳು ಆರಾಮಾಗಿದ್ರು. ಆಮೇಲೆ ಪೈಪ್ ಕ್ಲಿಯರ್ ಇದ್ದಾಗಲೇ ನೋವು ವಾಪಸ್ ಬಂತು.

ಅಂಥವರಿಗೆ ಏನು ಹೇಳೋದು? ಜ್ಯೂರಿಕ್‌ನ ಅಮ್ಮಾನ್ ಅನ್ನೋ ಡಾಕ್ಟರ್ 1984ರಲ್ಲಿ ಒಂದು ಸಮಾಧಾನ ಕೊಟ್ಟಿದ್ರು: ವರ್ಷಗಳು ಕಳೆದ ಹಾಗೆ ಗ್ರಂಥಿ ಪೂರ್ತಿ ಸುಟ್ಟುಹೋದ ಮೇಲೆ ನೋವು ತಾನಾಗೇ ಹೋಗುತ್ತೆ ಅಂತ. ಕಾಯಿರಿ ಅಂತ ಅರ್ಥ. ನಂತರದ ಅಧ್ಯಯನಗಳಲ್ಲಿ ಎಲ್ಲರಿಗೂ ಹಾಗಾಗಲ್ಲ ಅಂತ ತಿಳೀತು. ಇನ್ನೊಂದು ಕಡೆ, 1977ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದ ಸರ್ಜನ್‌ಗಳು ಗ್ರಂಥಿಯನ್ನೇ ತೆಗೆದುಹಾಕಿ, ಅದರಲ್ಲಿನ ಇನ್ಸುಲಿನ್ ಮಾಡೋ ಕಣಗಳನ್ನ ಮಾತ್ರ ಬೇರ್ಪಡಿಸಿ ಅದೇ ರೋಗಿಯ ಲಿವರ್‌ಗೆ ಸೇರಿಸಿದ್ರು. ದೊಡ್ಡ ಸಾಧನೆ. ಬಹಳ ಜನಕ್ಕೆ ನೋವು ಕಡಿಮೆಯಾಯ್ತು. ಆದ್ರೆ ಕೆಲವರಿಗೆ ಪ್ಯಾಂಕ್ರಿಯಾಸ್ ಹೋದ ಮೇಲೂ ಅದೇ ನೋವು ಉಳೀತು. ನೋಯಬೇಕಾದ ಅಂಗವೇ ದೇಹದಲ್ಲಿಲ್ಲ, ನೋವು ಮಾತ್ರ ಇದೆ. ಡೆಕಾರ್ಟ್‌ನ ದಾರದ ಲೆಕ್ಕದಲ್ಲಿ ಇದಕ್ಕೆ ಜಾಗವೇ ಇಲ್ಲ.

ಲೆಕ್ಕ ತಾಳೆಯಾಗ್ತಿಲ್ಲ ಅನ್ನೋ ಅನುಮಾನ ಅದಕ್ಕೂ ಬಹಳ ಮೊದಲೇ ಬಂದಿತ್ತು. ಎರಡನೇ ಮಹಾಯುದ್ಧ, ಇಟಲಿಯ ಆನ್ಜಿಯೊ ತೀರ. ಹಾರ್ವರ್ಡ್‌ನ ಅರಿವಳಿಕೆ ತಜ್ಞ ಹೆನ್ರಿ ಬೀಚರ್ ಅಲ್ಲಿ ಗಾಯಾಳು ಸೈನಿಕರನ್ನ ನೋಡ್ತಿದ್ರು. ಮೂಳೆ ಮುರಿದವರು, ಹೊಟ್ಟೆಗೆ ಚೂರು ಹೊಕ್ಕವರು. ಅವರನ್ನ ಒಬ್ಬೊಬ್ಬರಾಗಿ ಕೇಳಿದ್ರು: ನೋವಿಗೆ ಔಷಧಿ ಬೇಕಾ? ಸುಮಾರು ಮುಕ್ಕಾಲು ಪಾಲು ಜನ ಬೇಡ ಅಂದ್ರು. 1946ರಲ್ಲಿ ಇದನ್ನ ಪ್ರಕಟಿಸಿದ ಬೀಚರ್, ನಂತರ ಊರಿನ ಆಸ್ಪತ್ರೆಯಲ್ಲಿ ಆಪರೇಷನ್ ಆದ ಸಾಮಾನ್ಯ ಜನರನ್ನೂ ಕೇಳಿ ನೋಡಿದ್ರು. ಅಲ್ಲಿ ಬಹುಪಾಲು ಜನ ಔಷಧಿ ಬೇಕು ಅಂದ್ರು. ಸೈನಿಕನಿಗೆ ಗಾಯ ಅಂದ್ರೆ ಯುದ್ಧದಿಂದ ಬಿಡುಗಡೆ, ಜೀವಂತ ಮನೆಗೆ ಟಿಕೆಟ್. ಊರಿನವನಿಗೆ ಅದೇ ಗಾಯ ಅಂದ್ರೆ ಆಪತ್ತು, ಸಾಲ, ಕೆಲಸ ಹೋಗೋದು. ಗಾಯಕ್ಕೆ ಅವರು ಕೊಟ್ಟ ಅರ್ಥ ಬೇರೆ, ನೋವೂ ಬೇರೆ ಅನ್ನೋದು ಬೀಚರ್ ವಾದ.

ಇದಕ್ಕೆ ನರಗಳ ಮಟ್ಟದ ವಿವರಣೆ ಸಿಕ್ಕಿದ್ದು 1965ರಲ್ಲಿ. ಕೆನಡಾದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜಾಕ್, ಬ್ರಿಟನ್ನಿನ ನರವಿಜ್ಞಾನಿ ಪ್ಯಾಟ್ರಿಕ್ ವಾಲ್ ಸೇರಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದ್ರು. ಬೆನ್ನುಹುರಿಯಲ್ಲಿ ಒಂದು ಗೇಟ್ ಇದೆ ಅಂದ್ರು. ದೇಹದಿಂದ ಬರೋ ಸಂಕೇತ ನೇರವಾಗಿ ಮಿದುಳಿಗೆ ಹೋಗಲ್ಲ, ಈ ಗೇಟ್ ದಾಟಬೇಕು. ಗೇಟನ್ನ ಕೆಳಗಿನಿಂದಲೂ ಮುಚ್ಚಬಹುದು. ಮಂಡಿಗೆ ಏಟು ಬಿದ್ದ ತಕ್ಷಣ ಕೈ ತಾನಾಗೇ ಹೋಗಿ ಉಜ್ಜುತ್ತೆ ಅಲ್ವಾ? ಅದು ಇದೇ ಕೆಲಸ. ಮೇಲಿನಿಂದ ಮಿದುಳೂ ಅದನ್ನ ತೆರೀಬಹುದು, ಮುಚ್ಚಬಹುದು. ಭಯ, ಗಮನ, ಹಳೇ ನೆನಪು, ಇವೆಲ್ಲ ಗೇಟ್ ಮೇಲೆ ಕೈ ಇಟ್ಟಿರುತ್ತವೆ. ಆ ಗೇಟಿನ ನಕ್ಷೆಯಲ್ಲಿ ಎಷ್ಟೋ ವಿವರಗಳು ಆಮೇಲೆ ಬದಲಾದವು. ಆದ್ರೆ ಮುಖ್ಯ ವಿಷಯ ನಿಂತಿತು: ಮಿದುಳು ಗಂಟೆ ಹೊಡೆಸಿಕೊಂಡು ಸುಮ್ನೆ ಕೂರಲ್ಲ.

ಇಲ್ಲಿ ಪೈಲ್ವಾನ ಬರ್ತಾನೆ, ಇವನ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ. ಜಾನ್ ಬೊನಿಕಾ. ಹುಟ್ಟಿದ್ದು 1917ರಲ್ಲಿ, ಸಿಸಿಲಿ ಹತ್ತಿರದ ಫಿಲಿಕುಡಿ ಅನ್ನೋ ಪುಟ್ಟ ದ್ವೀಪದಲ್ಲಿ. ಚಿಕ್ಕ ಹುಡುಗನಾಗಿ ಅಮೆರಿಕಕ್ಕೆ ಬಂದ. ಅಪ್ಪ ಬೇಗ ತೀರಿಕೊಂಡ ಮೇಲೆ ಬೂಟ್ ಪಾಲಿಶ್ ಮಾಡಿ, ಪೇಪರ್ ಮಾರಿ ಮನೆ ನಡೆಸಿದ. ಮೆಡಿಕಲ್ ಓದೋ ಖರ್ಚಿಗೆ ಕುಸ್ತಿ ಆಡಿದ. ಮುಖವಾಡ ಹಾಕಿಕೊಂಡು 'ಮಾಸ್ಕ್ಡ್ ಮಾರ್ವೆಲ್' ಅನ್ನೋ ಹೆಸರಲ್ಲಿ ಅಖಾಡಕ್ಕೆ ಇಳೀತಿದ್ದ. ಹಗಲು ಡಾಕ್ಟರು, ರಾತ್ರಿ ಪೈಲ್ವಾನ. ಸಿನಿಮಾ ಕಥೆ ಥರ ಇದೆ ಅಲ್ವಾ? ಯುದ್ಧದ ಕಾಲಕ್ಕೆ ವಾಷಿಂಗ್ಟನ್ ರಾಜ್ಯದ ಮ್ಯಾಡಿಗನ್ ಸೇನಾ ಆಸ್ಪತ್ರೆಯಲ್ಲಿ ಅರಿವಳಿಕೆ ವಿಭಾಗದ ಜವಾಬ್ದಾರಿ ಬಂತು. ಅಲ್ಲಿ ಅವನ ಮುಂದೆ ಬಂದವರು ಗಾಯ ವಾಸಿಯಾದ ಮೇಲೂ ನೋವು ಬಿಡದ ಸೈನಿಕರು. ಪುಸ್ತಕ ತೆಗೆದು ನೋಡಿದ, ಇವರಿಗೇನು ಮಾಡಬೇಕು ಅಂತ ಎಲ್ಲೂ ಸರಿಯಾಗಿ ಇರಲಿಲ್ಲ.

ಆಗ ಅವನು ಮಾಡಿದ್ದು ಬಹಳ ಸರಳ. ಮೂಳೆ ಡಾಕ್ಟರು, ನರದ ಡಾಕ್ಟರು, ಮನೋವೈದ್ಯರು, ಇವರನ್ನೆಲ್ಲ ಒಂದೇ ಟೇಬಲ್‌ಗೆ ಕೂರಿಸಿ ಒಬ್ಬನೇ ರೋಗಿಯ ಬಗ್ಗೆ ಮಾತಾಡಿಸಿದ. ನಮ್ಮ ಕಡೆ ಇವತ್ತಿಗೂ ರೋಗಿನೇ ಫೈಲ್ ಹಿಡ್ಕೊಂಡು ಒಂದು ರೂಮಿಂದ ಇನ್ನೊಂದು ರೂಮಿಗೆ ಓಡಾಡ್ತಾನೆ, ಡಾಕ್ಟರ್‌ಗಳು ಒಬ್ಬರ ಮುಖ ಒಬ್ಬರು ನೋಡಲ್ಲ. 1953ರಲ್ಲಿ ಬೊನಿಕಾ ನೋವಿನ ಚಿಕಿತ್ಸೆ ಬಗ್ಗೆ ಸಾವಿರದ ಐನೂರಕ್ಕೂ ಹೆಚ್ಚು ಪುಟದ ಪುಸ್ತಕ ಬರೆದ. 1960ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿ ಎಲ್ಲ ವಿಭಾಗದವರೂ ಸೇರಿ ನಡೆಸೋ ನೋವಿನ ಕ್ಲಿನಿಕ್ ಕಟ್ಟಿದ. 1973ರಲ್ಲಿ ಅವನೇ ಮುಂದೆ ನಿಂತು ಸಿಯಾಟಲ್ ಹತ್ತಿರದ ಇಸ್ಸಕ್ವಾ ಅನ್ನೋ ಊರಲ್ಲಿ ಕರೆದ ಸಭೆಯಿಂದ ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ ಹುಟ್ಟಿತು. ಇಷ್ಟೆಲ್ಲ ಮಾಡೋವಾಗ ಬೊನಿಕಾಗೇ ಕುಸ್ತಿಯ ಹಳೇ ಏಟುಗಳಿಂದ ದಿನವೂ ನೋವು. ಸೊಂಟ, ಭುಜ, ಆಪರೇಷನ್ ಮೇಲೆ ಆಪರೇಷನ್. ನೋವು ನಿಜವಾ ಸುಳ್ಳಾ ಅಂತ ಅವನನ್ನ ಕೇಳೋ ಧೈರ್ಯ ಯಾರಿಗೂ ಇದ್ದಿರಲಿಕ್ಕಿಲ್ಲ.

ಆ ಸಿಯಾಟಲ್ ಕ್ಲಿನಿಕ್ಕಿನಲ್ಲೇ ನಮ್ಮ ಕಥೆಗೆ ಬೇಕಾದ ಇನ್ನೊಬ್ಬರಿದ್ರು. ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್. ಇವರು ನೋವನ್ನ ಬಿಟ್ಟು, ನೋವಿರೋ ಮನುಷ್ಯ ಇಡೀ ದಿನ ಏನು ಮಾಡ್ತಾನೆ ಅಂತ ನೋಡಿದ್ರು. ನೋವು ಬಂದಾಗ ಮಾತ್ರೆ, ನೋವು ಬಂದಾಗ ವಿಶ್ರಾಂತಿ, ನೋವು ಬಂದಾಗ ಮನೆಯವರ ಅಕ್ಕರೆ. ಅಂದ್ರೆ ಎಲ್ಲ ಸಮಾಧಾನವೂ ನೋವಿಗೇ ಗಂಟು ಹಾಕಿಕೊಂಡಿದೆ. ಆ ಗಂಟು ಬಿಚ್ಚಿ ಅಂದ್ರು. ಮಾತ್ರೆಯನ್ನ ಗಡಿಯಾರ ನೋಡಿ ಕೊಡಿ, ನೋವು ಇರಲಿ ಬಿಡಲಿ. ನಡಿಗೆಯನ್ನ ಇಷ್ಟು ಸುತ್ತು ಅಂತ ಮೊದಲೇ ಗೊತ್ತುಮಾಡಿ. ನೋವು ಕಡಿಮೆ ಇದೆ ಅಂತ ಜಾಸ್ತಿ ನಡೀಬೇಡಿ, ಜಾಸ್ತಿ ಇದೆ ಅಂತ ಪೂರ್ತಿ ನಿಲ್ಲಿಸಬೇಡಿ. 1976ರಲ್ಲಿ ಇದೆಲ್ಲ ಪುಸ್ತಕವಾಗಿ ಬಂತು. ಮನೆಯವರು ರೋಗಿಯ ನರಳಾಟಕ್ಕೆ ಹೆಚ್ಚು ಗಮನ ಕೊಡಬಾರದು ಅನ್ನೋ ಅವರ ಸಲಹೆ ನನಗೆ ಸ್ವಲ್ಪ ಕಠಿಣ ಅನ್ಸುತ್ತೆ. ನಮ್ಮ ಅತ್ತೆ ಮುಂದೆ ಅದನ್ನ ಹೇಳಿದ್ರೆ ಹೇಳಿದವರಿಗೆ ಕಾಫಿನೂ ಸಿಗಲ್ಲ. ಆದ್ರೆ ಗಡಿಯಾರದ ಮಾತಿದೆಯಲ್ಲ, ಅದನ್ನ ನೆನಪಲ್ಲಿಡಿ, ವಾಪಸ್ ಬರ್ತೀನಿ.

ಇದೇ ಹೊತ್ತಿಗೆ ಬೇರೆ ಊರುಗಳಲ್ಲಿ, ನೋವಿಗೆ ಸಂಬಂಧವೇ ಇಲ್ಲದ ಕಡೆ ಇನ್ನೊಂದು ಕೆಲಸ ನಡೀತಿತ್ತು. ನ್ಯೂಯಾರ್ಕ್‌ನಲ್ಲಿ 1950ರ ದಶಕದಿಂದ ಆಲ್ಬರ್ಟ್ ಎಲ್ಲಿಸ್, ಫಿಲಡೆಲ್ಫಿಯಾದಲ್ಲಿ 1960ರ ದಶಕದಿಂದ ಆರನ್ ಬೆಕ್. ಬೆಕ್ ಖಿನ್ನತೆ ಇರೋರನ್ನ ನೋಡ್ತಾ ಒಂದು ವಿಷಯ ಗಮನಿಸಿದ್ರು. ಅವರ ತಲೆಯಲ್ಲಿ ಕಣ್ಣು ಮಿಟುಕಿಸೋ ಅಷ್ಟರಲ್ಲಿ ಬಂದುಹೋಗೋ ಯೋಚನೆಗಳಿವೆ. ಅವರೇ ಅದನ್ನ ಯೋಚನೆ ಅಂತ ಗುರುತಿಸಲ್ಲ, ಸತ್ಯ ಅಂತ ತಗೋತಾರೆ. ಆ ಯೋಚನೆಯನ್ನ ಕಾಗದದ ಮೇಲೆ ಬರೆದು, ಇದಕ್ಕೆ ಪುರಾವೆ ಏನು ಅಂತ ರೋಗಿ ಜೊತೆ ಕೂತು ಪರೀಕ್ಷೆ ಮಾಡಿದ್ರು. ಆಡಿಟ್ ಅನ್ನಿ ಬೇಕಾದ್ರೆ.

ಫೋರ್ಡೈಸ್ ಅವರ ಗಡಿಯಾರ, ಬೆಕ್ ಅವರ ಕಾಗದ, ಮೆಲ್ಜಾಕ್ ಮತ್ತು ವಾಲ್ ಅವರ ಗೇಟ್. ಈ ಎಳೆಗಳು ಒಟ್ಟಿಗೆ ಸೇರಿದ್ದು 1983ರಲ್ಲಿ, ಡೆನಿಸ್ ಟರ್ಕ್, ಡೊನಾಲ್ಡ್ ಮೈಕೆನ್‌ಬಾಮ್, ಮೈಲ್ಸ್ ಜೆನೆಸ್ಟ್ ಸೇರಿ ಬರೆದ ಪುಸ್ತಕದಲ್ಲಿ. ನೋವಿಗೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದ್ರೆ ಚೀಟಿಯಲ್ಲಿದ್ದ ಆ ಸಿಬಿಟಿ, ಒಂದು ಪದ್ಧತಿಯಾಗಿ ನಿಂತಿದ್ದು ಸರಿಸುಮಾರು ಅಲ್ಲಿಂದ. ಅವರು ರೋಗಿಗೆ ಹೇಳೋ ಮೊದಲ ಮಾತು ಏನು ಗೊತ್ತಾ? ನಿಮ್ಮ ನೋವು ನಿಜ. ಅದರ ಬಗ್ಗೆ ಚರ್ಚೆ ಇಲ್ಲ. ಮುಂದಿನ ಕೆಲಸ ಮಾಡೋಣ.

ಕೆಲಸ ಅಂದ್ರೆ ಏನು? ಒಂದು ಬೆಳಗ್ಗೆ ತಗೊಳ್ಳಿ. ಮಾವ ಎದ್ದ ತಕ್ಷಣ ಪಕ್ಕೆ ಕೆಳಗೆ ಒಂದು ಚಳಕು. ಚಳಕು ಬಂದ ಕ್ಷಣವೇ ತಲೆಯಲ್ಲಿ 'ಶುರುವಾಯ್ತು, ಇವತ್ತು ಮತ್ತೆ ಅಡ್ಮಿಟ್' ಅಂತ ಬರುತ್ತೆ. ಎದೆ ಬಡ್ಕೊಳ್ಳುತ್ತೆ, ಹೊಟ್ಟೆ ಬಿಗಿಯಾಗುತ್ತೆ. ತಿಂಡಿ ಬಿಡ್ತಾರೆ, ಎಂಜೈಮ್ ಮಾತ್ರೆನೂ ಬಿಡ್ತಾರೆ, ಶಟರ್ ತೆರೆಯಲ್ಲ. ಮಂಚದ ಮೇಲೆ ಮಲಗಿ ಆ ಜಾಗವನ್ನೇ ಕೇಳಿಸಿಕೊಳ್ತಾ ಇರ್ತಾರೆ. ಮಧ್ಯಾಹ್ನದ ಹೊತ್ತಿಗೆ ಚಳಕು ದೊಡ್ಡ ನೋವಾಗಿರುತ್ತೆ. ಸಿಬಿಟಿ ಈ ಸರಪಳಿಯ ಒಂದೊಂದು ಕೊಂಡಿಯನ್ನ ಬೇರೆ ಬೇರೆಯಾಗಿ ಹಿಡಿಯುತ್ತೆ. ಯೋಚನೆ ಬಂತಾ? ಬರೀರಿ. ಹಿಂದಿನ ಹತ್ತು ಸಲ ಹೀಗೆ ಚಳಕು ಬಂದಾಗ ಎಷ್ಟು ಸಲ ಅಡ್ಮಿಟ್ ಆಗಿದ್ದೀರಿ? ಉಸಿರಾಟ ನಿಧಾನ ಮಾಡಿ, ಸ್ನಾಯು ಸಡಿಲ ಬಿಡಿ. ಏನೂ ಮಾಡದೇ ಇರೋ ಬದಲು ಅರ್ಧ ಗಂಟೆ ಮಾಡಬಹುದಾದ ಒಂದು ಕೆಲಸ ಆರಿಸಿ. ನಿದ್ದೆಗೆ ಒಂದು ಹೊತ್ತು ಇಟ್ಟುಕೊಳ್ಳಿ. ಧೈರ್ಯವಾಗಿರಿ, ಪಾಸಿಟಿವ್ ಆಗಿರಿ ಅಂತ ಹೇಳೋ ವಾಟ್ಸ್ಆ್ಯಪ್ ಫಾರ್ವರ್ಡ್ ಅಲ್ಲ ಇದು. ಲೆಕ್ಕ ಬರೆಯೋ ಅಷ್ಟೇ ಬೋರಿಂಗ್ ಕೆಲಸ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡ್ತೀನಿ. ಜ್ವರ, ನಿಲ್ಲದ ವಾಂತಿ, ಕಣ್ಣು ಹಳದಿಯಾಗೋದು, ಹಿಂದೆಂದೂ ಬರದಂಥ ನೋವು, ಇವು ಬಂದ್ರೆ ಕಾಗದ ಪೆನ್ನು ಹುಡುಕಬೇಡಿ. ಆಸ್ಪತ್ರೆಗೆ ಹೋಗಿ. ಸಿಗರೇಟು, ಕುಡಿತ ಬಿಡೋದು, ಮಾತ್ರೆ, ಬೇಕಾದ್ರೆ ಸರ್ಜರಿ, ಇವು ಯಾವುದರ ಬದಲಿಗೂ ಸಿಬಿಟಿ ಬರಲ್ಲ. ಅವುಗಳ ಜೊತೆಗೆ ಬರುತ್ತೆ.

1995ರಲ್ಲಿ ಕೆನಡಾದ ಮೈಕೆಲ್ ಸಲ್ಲಿವನ್ ತಂಡ ನೋವಿನ ಬಗ್ಗೆ ಬರೋ ಅತಿ ಕೆಟ್ಟ ಯೋಚನೆಗಳನ್ನ ಅಳೆಯೋಕೆ 13 ಪ್ರಶ್ನೆಗಳ ಒಂದು ಪಟ್ಟಿ ಮಾಡಿತು. 'ಕ್ಯಾಟಸ್ಟ್ರೊಫೈಸಿಂಗ್' ಅಂತ ಅದಕ್ಕೆ ಹೆಸರು. ಜಗತ್ತೆಲ್ಲ ಬಳಸ್ತಾರೆ. ಆದ್ರೆ ಆ ಪದದಲ್ಲಿ ರೋಗಿಯನ್ನೇ ದೂರೋ ಧ್ವನಿ ಇದೆ ಅನ್ನೋ ಆಕ್ಷೇಪ ರೋಗಿಗಳಿಂದಲೇ ಬಂದಿದೆ. ನಮ್ಮ ಮಾವನ ಮುಖ ನೋಡಿದ್ದರಿಂದ ನನಗೆ ಆ ಆಕ್ಷೇಪ ನ್ಯಾಯ ಅನ್ಸುತ್ತೆ.

ಇಷ್ಟು ಒಳ್ಳೇ ಪದ್ಧತಿ ಇದ್ರೆ ಎಲ್ಲ ಕಡೆ ಯಾಕೆ ಇಲ್ಲ? ಇಲ್ಲಿ ನನ್ನ ಡಿಗ್ರಿ ಕೆಲಸಕ್ಕೆ ಬರುತ್ತೆ: ದುಡ್ಡು ಯಾರು ಕೊಡ್ತಾರೆ ಅಂತ ನೋಡಿ. ಅಮೆರಿಕದಲ್ಲಿ ಬೊನಿಕಾ ಮಾದರಿಯ ಕ್ಲಿನಿಕ್ಕುಗಳು ಒಂದು ಕಾಲಕ್ಕೆ ಸಾಕಷ್ಟಿದ್ದವು. ನಾಲ್ಕೈದು ತಜ್ಞರು ವಾರಗಟ್ಟಲೆ ಒಬ್ಬ ರೋಗಿಗೆ ಸಮಯ ಕೊಡೋದು ಇನ್ಶೂರೆನ್ಸ್ ಕಂಪನಿಗಳಿಗೆ ದುಬಾರಿ ಅನ್ಸಿತು. ಇಂಜೆಕ್ಷನ್‌ಗೆ ಬಿಲ್ ಪಾಸಾಗುತ್ತೆ, ಮಾತ್ರೆಗೆ ಪಾಸಾಗುತ್ತೆ, ಮಾತಿಗೆ ಪಾಸಾಗಲ್ಲ. 1990ರ ದಶಕದ ಕೊನೆಯ ನಂತರ ಒಂದೊಂದಾಗಿ ಮುಚ್ಚಿದವು. ಆ ಜಾಗಕ್ಕೆ ಬಂದಿದ್ದು ಅಫೀಮು ಜಾತಿಯ ಮಾತ್ರೆಗಳು. 1980ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಐದೇ ವಾಕ್ಯದ ಒಂದು ಪತ್ರ ಬಂದಿತ್ತು. ಆಸ್ಪತ್ರೆಯಲ್ಲಿ ಇಂಥ ಔಷಧಿ ಪಡೆದವರಲ್ಲಿ ಚಟಕ್ಕೆ ಬಿದ್ದವರು ತೀರಾ ಕಡಿಮೆ ಅನ್ನೋದು ಅದರ ಸಾರ. ವಾರ್ಡಿನಲ್ಲಿ ಕೆಲ ದಿನ ಇದ್ದವರ ಮಾತನ್ನ ವರ್ಷಗಟ್ಟಲೆ ಮನೆಯಲ್ಲಿ ನುಂಗೋರಿಗೂ ಅನ್ವಯಿಸಿಬಿಟ್ರು. ನೂರಾರು ಲೇಖನಗಳು ಆ ಐದು ವಾಕ್ಯವನ್ನ ಆಧಾರ ಅಂತ ತೋರಿಸಿದವು. 1996ರಲ್ಲಿ ಆಕ್ಸಿಕಾಂಟಿನ್ ಮಾರುಕಟ್ಟೆಗೆ ಬಂತು. 2007ರಲ್ಲಿ ಪರ್ಡ್ಯೂ ಸಂಸ್ಥೆ ಅದರ ಬಗ್ಗೆ ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ ಕೋರ್ಟಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಆಗಬೇಕಾದ ಅನಾಹುತ ಆಗಿತ್ತು.

ನಮ್ಮ ದೇಶದ ಕಥೆ ಉಲ್ಟಾ. 1985ರ ಮಾದಕ ವಸ್ತು ಕಾಯ್ದೆ ಎಷ್ಟು ಬಿಗಿಯಾಗಿತ್ತು ಅಂದ್ರೆ ಕ್ಯಾನ್ಸರ್ ರೋಗಿಗೂ ಮಾರ್ಫಿನ್ ಸಿಗೋದು ಕಷ್ಟ ಆಯ್ತು. 2014ರ ತಿದ್ದುಪಡಿಯಲ್ಲಿ ಅದು ಸ್ವಲ್ಪ ಸಡಿಲ ಆಯ್ತು. 2018ರಲ್ಲಿ ಟ್ರಮಡಾಲ್ ಕೂಡ ಅದೇ ಕಾಯ್ದೆಯ ಪಟ್ಟಿಗೆ ಸೇರಿತು. ಅಲ್ಲಿ ಮಾತ್ರೆ ಜಾಸ್ತಿ, ಇಲ್ಲಿ ಕಡಿಮೆ. ಕೂತು ಮಾತಾಡೋರು ಎರಡೂ ಕಡೆ ಕಡಿಮೆ. ಬೆಂಗಳೂರಿನ ನಿಮ್ಹಾನ್ಸ್, ಆಗ ಅದಕ್ಕೆ ಬೇರೆ ಹೆಸರಿತ್ತು, 1955ರಲ್ಲೇ ಕ್ಲಿನಿಕಲ್ ಸೈಕಾಲಜಿ ತರಬೇತಿ ಶುರು ಮಾಡಿತ್ತು. ದೇಶದಲ್ಲೇ ಮೊದಲ ಸಾಲಿನದು. ಆದ್ರೆ ತಾಲ್ಲೂಕು ಆಸ್ಪತ್ರೆಯಲ್ಲಿ ಹೊಟ್ಟೆ ನೋವಿನ ರೋಗಿಗೂ ಆ ವಿದ್ಯೆಗೂ ಇವತ್ತಿಗೂ ಭೇಟಿಯಾಗಿಲ್ಲ.

ಮತ್ತೆ ಪ್ಯಾಂಕ್ರಿಯಾಸ್‌ಗೆ ಬರೋಣ. ಗ್ರಂಥಿ ತೆಗೆದ ಮೇಲೂ ನೋವು ಯಾಕೆ ಉಳೀತು? ಇದಕ್ಕೊಂದು ಸುಳಿವು 1983ರಲ್ಲೇ ಸಿಕ್ಕಿತ್ತು. ಲಂಡನ್ನಿನಲ್ಲಿ ಕ್ಲಿಫರ್ಡ್ ವೂಲ್ಫ್ ಅನ್ನೋ ಯುವ ವಿಜ್ಞಾನಿ, ಗಾಯ ಆದ ಮೇಲೆ ಬೆನ್ನುಹುರಿಯ ನರಕೋಶಗಳೇ ಅತಿ ಸೂಕ್ಷ್ಮ ಆಗ್ತವೆ ಅಂತ ಪ್ರಾಣಿಗಳಲ್ಲಿ ತೋರಿಸಿದ್ರು. ಮನೆಯ ಕಳ್ಳತನದ ಅಲಾರಂ ಬೆಕ್ಕು ಓಡಿದ್ರೂ ಕೂಗೋ ಹಾಗೆ. ಡೆನ್ಮಾರ್ಕ್‌ನ ಆಲ್ಬೋರ್ಗ್‌ನ ಸಂಶೋಧಕರು ಇದನ್ನೇ ಪ್ಯಾಂಕ್ರಿಯಾಟೈಟಿಸ್ ರೋಗಿಗಳಲ್ಲಿ ಹುಡುಕಿ, ವರ್ಷಗಟ್ಟಲೆ ನೋವು ತಿಂದವರ ಮಿದುಳು ನೋವನ್ನ ಸಂಸ್ಕರಿಸೋ ರೀತಿಯೇ ಬದಲಾಗಿರುತ್ತೆ ಅಂತ ಕಂಡುಕೊಂಡ್ರು. 2011ರಲ್ಲಿ ಅದೇ ತಂಡದ ಪ್ರಯೋಗದಲ್ಲಿ, ನರಗಳ ಮೇಲೆ ಕೆಲಸ ಮಾಡೋ ಪ್ರಿಗ್ಯಾಬಲಿನ್ ಮಾತ್ರೆ ಈ ರೋಗಿಗಳ ನೋವು ಕಡಿಮೆ ಮಾಡ್ತು. ಅದೇ ವರ್ಷ ಅಮೆರಿಕದಿಂದ ಬಂದ ಇನ್ನೊಂದು ಅಧ್ಯಯನ ಹೇಳಿದ್ದು: ಬದುಕನ್ನ ಹೆಚ್ಚು ಹಾಳು ಮಾಡೋದು ನೋವು ಎಷ್ಟು ಜೋರು ಅನ್ನೋದಲ್ಲ, ಸದಾ ಇರುತ್ತಾ ಬಂದು ಹೋಗುತ್ತಾ ಅನ್ನೋದು. ಕಡಿಮೆ ಆದ್ರೂ ಬಿಡದ ನೋವೇ ಕೆಟ್ಟದ್ದು. ನೋವಿನ ಕಾಯಿಲೆ ಇರೋ ಮನೆಯವರಿಗೆ ಇದು ಹೊಸ ವಿಷಯ ಏನಲ್ಲ ಬಿಡಿ.

ಹೀಗಾಗಿ ಪ್ಯಾಂಕ್ರಿಯಾಸ್ ಡಾಕ್ಟರ್‌ಗಳು ಕೊನೆಗೂ ಸೈಕಾಲಜಿಸ್ಟ್‌ಗಳ ಬಾಗಿಲು ತಟ್ಟಿದ್ರು. ತಡವಾಗಿ. ಬೆನ್ನುನೋವಿಗೆ ದಶಕಗಳ ಹಿಂದೆಯೇ ಸಿಕ್ಕಿದ್ದು ಇವರಿಗೆ ತೀರಾ ಈಚೆಗೆ. ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದವರು ಇಂಟರ್ನೆಟ್ ಮೂಲಕ ನೋವಿನ ಸಿಬಿಟಿ ಪಾಠಗಳನ್ನ ರೂಪಿಸಿದ್ರು. ಅದನ್ನ ಪ್ಯಾಂಕ್ರಿಯಾಟೈಟಿಸ್‌ಗೆ ಒಗ್ಗಿಸಿ, ಸಿಯಾಟಲ್‌ನ ಟೋನ್ಯಾ ಪಲೆರ್ಮೊ ಮತ್ತು ಜೊತೆಗಾರರು ಅಮೆರಿಕದಲ್ಲಿ 30 ರೋಗಿಗಳ ಮೇಲೆ ಸಣ್ಣ ಪ್ರಯೋಗ ಮಾಡಿ 2021ರಲ್ಲಿ ಪ್ರಕಟಿಸಿದ್ರು. ಮತ್ತೆ ಸಿಯಾಟಲ್ ನೋಡಿ, ಬೊನಿಕಾ ಊರು. ಇದು ಮಾಡೋಕೆ ಸಾಧ್ಯನಾ ಅಂತ ನೋಡೋ ಪ್ರಯೋಗ, ಅಂತಿಮ ತೀರ್ಪು ಅಲ್ಲ. ಮೂವತ್ತು ಜನ ಅಂದ್ರೆ ನಮ್ಮ ಬಿ.ಕಾಂ ಸೆಕ್ಷನ್‌ನ ಅರ್ಧ.

ಲಾಭ ಎಷ್ಟು ಅಂತಾನೂ ಹೇಳಬೇಕು, ಇಲ್ಲಾಂದ್ರೆ ನಾನೂ ಮಾರೋಕೆ ಕೂತ ಹಾಗೆ ಆಗುತ್ತೆ. 2020ರಲ್ಲಿ ಕಾಕ್ರೇನ್ ಸಂಸ್ಥೆ, ಎಲ್ಲ ಥರದ ದೀರ್ಘ ನೋವಿಗೆ ಮಾನಸಿಕ ಚಿಕಿತ್ಸೆಗಳ 75 ಅಧ್ಯಯನಗಳನ್ನ, 9,000ಕ್ಕೂ ಹೆಚ್ಚು ಜನರ ಮಾಹಿತಿಯನ್ನ ಒಟ್ಟು ಹಾಕಿ ನೋಡಿತು. ಸಿಬಿಟಿಯಿಂದ ನೋವು, ಅಸಾಮರ್ಥ್ಯ, ಸಂಕಟ ಮೂರೂ ಕಡಿಮೆಯಾಗುತ್ತೆ, ಆದ್ರೆ ಸಣ್ಣ ಪ್ರಮಾಣದಲ್ಲಿ, ಅಥವಾ ತೀರಾ ಸಣ್ಣ ಪ್ರಮಾಣದಲ್ಲಿ. ಅಷ್ಟೇ. ಪವಾಡ ಇಲ್ಲ. ಆದ್ರೆ ವರ್ಷಕ್ಕೆ ಮುನ್ನೂರು ದಿನ ನೋವಿರೋ ಮನುಷ್ಯನಿಗೆ ಸಣ್ಣ ಕಡಿತ ಅಂದ್ರೇನು ಅಂತ ಬಡ್ಡಿ ಕಟ್ಟೋರನ್ನ ಕೇಳಿ ನೋಡಿ.

ನಮ್ಮ ಮನೆಯಲ್ಲಿ ಏನಾಯ್ತು ಅಂದ್ರೆ, ಆ ಚೀಟಿ ಎರಡು ವರ್ಷ ಬೀರುವಲ್ಲಿ ಇತ್ತು. ಇದನ್ನೆಲ್ಲ ಓದ್ತಾ ಇದ್ದಾಗ, ಒಂದು ಏಪ್ರಿಲ್ಲಲ್ಲಿ ವರ್ಷದ ಲೆಕ್ಕ ಮುಗಿಸೋಕೆ ನಾನು ಮಾವನ ದಿನದ ಪುಸ್ತಕ ತೆಗೆದೆ. ಮೂರು ದಿನ ಭರ್ಜರಿ ವ್ಯಾಪಾರ, ರಾತ್ರಿ ಒಂಬತ್ತರವರೆಗೆ ಬಿಲ್ಲುಗಳು. ಆಮೇಲೆ ನಾಲ್ಕು ದಿನ ಖಾಲಿ. ಮತ್ತೆ ಎರಡು ದಿನ ಭರ್ಜರಿ, ಐದು ದಿನ ಖಾಲಿ. ಹನ್ನೆರಡು ತಿಂಗಳೂ ಹೀಗೇ. ನೋವಿಲ್ಲದ ದಿನ ಬಾಕಿ ಇದ್ದದ್ದೆಲ್ಲ ಒಂದೇ ಸಲ ಮಾಡೋದು, ಊಟ ತಪ್ಪಿಸೋದು, ಮೋಟರ್ ಎತ್ತೋದು. ಆಮೇಲೆ ಬಿದ್ದುಹೋಗೋದು. ಫೋರ್ಡೈಸ್ ಅರ್ಧ ಶತಮಾನದ ಹಿಂದೆ ಸಿಯಾಟಲ್‌ನಲ್ಲಿ ನೋಡಿದ್ದು ತಿಪಟೂರಿನ ಲೆಕ್ಕದ ಪುಸ್ತಕದಲ್ಲಿ ಹಾಗೇ ಕೂತಿತ್ತು.

ನಾನು ಪುಟಗಳನ್ನ ಮಾವನಿಗೆ ತೋರಿಸಿದೆ. ಕಾರಲ್ಲಿ ಆಡಿದ ಮಾತಿಗೆ ಕ್ಷಮೆನೂ ಕೇಳಿದೆ. "ಅದನ್ನ ನಾನು ಅವತ್ತೇ ಮರ್ತೆ" ಅಂದ್ರು, ಮರೆತಿರಲಿಲ್ಲ. ಸೈಕಾಲಜಿಸ್ಟ್ ಹತ್ತಿರ ಹೋಗೋಕೆ ಒಪ್ಪಿದ್ದು ನನ್ನ ಇತಿಹಾಸದ ಪಾಠಕ್ಕಲ್ಲ, ಆ ಪುಸ್ತಕ ನೋಡಿ. ಎರಡು ಸಲ ಬೆಂಗಳೂರಿಗೆ ಹೋದ್ರು, ಮಿಕ್ಕ ಆರು ಸಲ ಫೋನಲ್ಲೇ ವಿಡಿಯೊ. ಕನ್ನಡದಲ್ಲಿ ಮಾತಾಡೋರು ಸಿಕ್ಕಿದ್ದು ನಮ್ಮ ಪುಣ್ಯ. ಯೋಚನೆಗಳನ್ನ ಬರೆಯೋಕೆ ಹೇಳಿದ್ರೆ, ಅದೇ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದ್ರು, ಎಡಗಡೆ ಯೋಚನೆ, ಬಲಗಡೆ ಆಮೇಲೆ ನಿಜವಾಗಿ ಏನಾಯ್ತು ಅಂತ. ಒಂದು ತಿಂಗಳಲ್ಲಿ ಎಡಗಡೆ ಹದಿನೇಳು ಸಲ 'ಅಡ್ಮಿಟ್' ಅಂತಿತ್ತು. ಬಲಗಡೆ ಒಂದು ಸಲ.

ಈಗ ಅಂಗಡಿ ದಿನಾ ಒಂಬತ್ತರಿಂದ ಒಂದು ಗಂಟೆವರೆಗೆ. ನೋವಿದ್ದ ದಿನವೂ ತೆರೀತಾರೆ, ನೋವಿಲ್ಲದ ದಿನವೂ ಒಂದಕ್ಕೇ ಮುಚ್ತಾರೆ. ಎರಡನೆಯದೇ ಅವರಿಗೆ ಕಷ್ಟ. ಗಿರಾಕಿ ವಾಪಸ್ ಹೋದ್ರೆ ಗೊಣಗ್ತಾರೆ. ಕಳೆದ ವರ್ಷ ಒಂದು ಸಲ ಅಡ್ಮಿಟ್ ಆದ್ರು, ಅದಕ್ಕೂ ಹಿಂದಿನ ವರ್ಷ ನಾಲ್ಕು ಸಲ. ಅದು ಸಿಬಿಟಿಯಿಂದಲೋ, ಮಾತ್ರೆಯಿಂದಲೋ, ಹೊತ್ತಿಗೆ ಸರಿಯಾಗಿ ಊಟ ಮಾಡೋದ್ರಿಂದಲೋ ಅಂತ ಬೇರ್ಪಡಿಸಿ ತೋರಿಸೋಕೆ ನನ್ನ ಹತ್ತಿರ ವೋಚರ್ ಇಲ್ಲ.

ಹೋದ ವಾರ ರಿಟರ್ನ್ ಕೆಲಸಕ್ಕೆ ಹೋಗಿದ್ದೆ. ಗಲ್ಲಾಪೆಟ್ಟಿಗೆ ಮೇಲೆ ಬಾಗಿ ಕೂತಿದ್ರು.

"ನೋವಿದೆಯಾ ಮಾವ?"

"ಇದೆ ಕಣೋ. ಟೈಮ್ ಎಷ್ಟಾಯ್ತು?"

"ಒಂದಕ್ಕೆ ಐದು ನಿಮಿಷ."

"ಹಾಗಾದ್ರೆ ಇನ್ನೊಂದು ಬಿಲ್ ಹಾಕು. ಆಮೇಲೆ ಶಟರ್ ಎಳೆಯೋಣ."